ಗೋಡೆಯೊಳಗಿನ ಕಾನೂನು: ಅಮೆರಿಕದ ರಾಜ್ಯಗಳು ಮನೆ ಕಟ್ಟುವ ನಿಯಮಗಳನ್ನು ಬದಲಿಸುವ ಬಗೆ

ಮಿಶಿಗನ್ ಸರೋವರದ ದಕ್ಷಿಣ ತುದಿಯಲ್ಲಿ ಇಲಿನಾಯ್ ಮತ್ತು ಇಂಡಿಯಾನಾ ರಾಜ್ಯಗಳ ಗಡಿ ಹಾದುಹೋಗುತ್ತದೆ. ಗಡಿಯ ಈ ಕಡೆ ಒಂದು ಹೊಸ ಮನೆ, ಆ ಕಡೆ ಒಂದು ಹೊಸ ಮನೆ ಎಂದಿಟ್ಟುಕೊಳ್ಳಿ. ಕಟ್ಟಿದ ಬಿಲ್ಡರ್ ಒಬ್ಬನೇ, ನಕ್ಷೆಯೂ ಒಂದೇ. ಎರಡಕ್ಕೂ ಬಡಿಯುವುದು ಅದೇ ಸರೋವರದ ಗಾಳಿ. ಆದರೂ ಗೋಡೆಯೊಳಗೆ ಎಷ್ಟು ಇನ್ಸುಲೇಶನ್ (ಶಾಖ ಹಾದುಹೋಗದಂತೆ ತಡೆಯುವ ಪದರ) ತುಂಬಬೇಕು, ಕಿಟಕಿ ಎಂಥದ್ದಿರಬೇಕು, ಮನೆಯಿಂದ ಎಷ್ಟು ಗಾಳಿ ಸೋರಬಹುದು ಎಂಬ ನಿಯಮ ಎರಡೂ ಕಡೆ ಒಂದೇ ಇರಬೇಕೆಂದೇನೂ ಇಲ್ಲ. ರಾಜ್ಯಗಳು ಅಳವಡಿಸಿಕೊಳ್ಳಲೆಂದು ಬರೆದಿಡುವ ಮಾದರಿ ನಿಯಮಾವಳಿಯ ಹೊಸ ಆವೃತ್ತಿ ಬಂದಾಗ ಅದನ್ನು ತೆಗೆದುಕೊಳ್ಳಲೇಬೇಕು ಎಂದು ಇಲಿನಾಯ್ ತನ್ನ ಕಾನೂನಿನಲ್ಲೇ ಬರೆದುಕೊಂಡಿದೆ. ಇಂಡಿಯಾನಾದಲ್ಲಿ ಅಂಥ ಕಟ್ಟುಪಾಡು ಇಲ್ಲ.

ಗೋಡೆಗೆ ಎಷ್ಟು ದಪ್ಪದ ಇನ್ಸುಲೇಶನ್ ಬೇಕು ಎಂಬ ಲೆಕ್ಕವನ್ನು ಎಂಜಿನಿಯರುಗಳು ಎಂದೋ ಮಾಡಿಟ್ಟಿದ್ದಾರೆ. ಆ ಲೆಕ್ಕ ನಿಮ್ಮ ಮನೆಗೆ ಯಾವ ವರ್ಷ ಬಂದು ಮುಟ್ಟುತ್ತದೆ, ಮುಟ್ಟುತ್ತದೋ ಇಲ್ಲವೋ ಎನ್ನುವುದು ರಾಜ್ಯದ ಕಾನೂನಿನ ಒಂದೆರಡು ಸಾಲುಗಳ ಮೇಲೆ ನಿಂತಿದೆ. ಯಾರೂ ಏನೂ ಮಾಡದೆ ಸುಮ್ಮನೆ ಕೂತರೆ ಏನಾಗಬೇಕು ಎಂದು ಹೇಳುವ ಸಾಲುಗಳು ಅವು. ಇಂದು ನಾನು ಮುಖ್ಯವಾಗಿ ಮಾತಾಡುವುದು ಆ ಸಾಲುಗಳ ಬಗ್ಗೆಯೇ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಾದ ನಿಮ್ಮಲ್ಲಿ ಹಲವರು ಈ ದೇಶದಲ್ಲಿ ಮನೆ ಕೊಂಡಿದ್ದೀರಿ, ಇನ್ನು ಕೆಲವರು ಕೊಳ್ಳುವ ತಯಾರಿಯಲ್ಲಿದ್ದೀರಿ. ಮೂವತ್ತು ವರ್ಷ ಸಾಲ ಕಟ್ಟುವವರು ನೀವು. ಹಾಗಾಗಿ ಇದು ನಿಮಗೆ ಗೊತ್ತಿರಬೇಕು.

ಮೊದಲಿಗೆ ಒಂದು ಹಿನ್ನೆಲೆ. ಇಡೀ ಅಮೆರಿಕಕ್ಕೆ ಅನ್ವಯವಾಗುವ ಮನೆ ಕಟ್ಟುವ ಕಾನೂನು ಎಂಬುದೇ ಇಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಗಾಲಿಯ ಮೇಲೆ ಬರುವ ಮನೆಗಳಿಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನಿಯಮ ಇದೆ. ನಿವೇಶನದಲ್ಲೇ ಕಟ್ಟುವ ಮನೆಗಳಿಗೆ ಇಲ್ಲ. ತರುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1973ರ ತೈಲ ಬಿಕ್ಕಟ್ಟು ದೇಶವನ್ನು ಬೆಚ್ಚಿಬೀಳಿಸಿದ ಮೇಲೆ, 1976ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹೊಸ ಕಟ್ಟಡಗಳ ಇಂಧನ ಮಿತವ್ಯಯಕ್ಕೆಂದೇ ಒಂದು ಕಾಯ್ದೆ ಮಾಡಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಲದಲ್ಲಿ, 1979ರಲ್ಲಿ, ಇಂಧನ ಇಲಾಖೆ ಇಡೀ ದೇಶಕ್ಕೊಂದು ಮಾನದಂಡದ ಕರಡನ್ನೂ ಹೊರತಂದಿತು. ಅದು ಜಾರಿಗೆ ಬರಲೇ ಇಲ್ಲ. ಆಮೇಲೆ 1992ರ ಇಂಧನ ನೀತಿ ಕಾಯ್ದೆ ಬಂತು. ಇವತ್ತಿಗೂ ಚೌಕಟ್ಟು ಅದೇ. ಮಾದರಿ ನಿಯಮಾವಳಿಯ ಹೊಸ ಆವೃತ್ತಿ ಬಂದಾಗಲೆಲ್ಲ ಅದು ಹಿಂದಿನದಕ್ಕಿಂತ ಹೆಚ್ಚು ಇಂಧನ ಉಳಿಸುತ್ತದೆಯೇ ಎಂದು ಫೆಡರಲ್ ಇಂಧನ ಇಲಾಖೆ ತೀರ್ಮಾನಿಸಬೇಕು. ಉಳಿಸುತ್ತದೆ ಎಂದರೆ ಎರಡು ವರ್ಷದೊಳಗೆ ಪ್ರತಿ ರಾಜ್ಯವೂ ತನ್ನ ನಿಯಮವನ್ನು ಪರಿಶೀಲಿಸಿದ್ದೇವೆ ಎಂದು ಬರೆದುಕೊಡಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಕಚೇರಿ, ಅಂಗಡಿ ಮೊದಲಾದ ವಾಣಿಜ್ಯ ಕಟ್ಟಡಗಳ ವಿಷಯದಲ್ಲಿ ರಾಜ್ಯ ತನ್ನ ನಿಯಮವನ್ನು ಆ ಮಟ್ಟಕ್ಕೆ ತರಬೇಕು ಎಂದು ಕಾಯ್ದೆ ಹೇಳುತ್ತದೆ. ಮನೆಗಳ ವಿಷಯದಲ್ಲಿ ಮಾತ್ರ, ಬದಲಿಸುವುದು ಸೂಕ್ತವೋ ಅಲ್ಲವೋ ಎಂದು ರಾಜ್ಯ ಯೋಚಿಸಿದರೆ ಸಾಕು. ಯೋಚಿಸಿದೆವು, ಬೇಡ ಅನ್ನಿಸಿತು ಎಂದು ಬರೆದುಕೊಟ್ಟರೂ ಕಾಯ್ದೆ ಪಾಲಿಸಿದಂತೆಯೇ. ನನ್ನ ಪ್ರಕಾರ ಇವತ್ತಿನ ಅಸಮಾನತೆಯೆಲ್ಲ ಹುಟ್ಟಿದ್ದು ಈ ವ್ಯತ್ಯಾಸದಿಂದ. ಅಂಗಡಿಯ ಗೋಡೆಗೆ ಸಿಕ್ಕ ರಕ್ಷಣೆ ಮಕ್ಕಳು ಮಲಗುವ ಕೋಣೆಯ ಗೋಡೆಗೆ ಸಿಗಲಿಲ್ಲ.

ಹಾಗಾದರೆ ಮಾದರಿ ನಿಯಮಾವಳಿ ಬರೆಯುವವರು ಯಾರು? ಸರ್ಕಾರವಲ್ಲ. ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್ ಎಂಬ ಖಾಸಗಿ, ಲಾಭರಹಿತ ಸಂಸ್ಥೆ. ಅದರ ಇಂಧನ ನಿಯಮಾವಳಿಯನ್ನು ಐಇಸಿಸಿ ಎನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ: 2009, 2012, 2015, 2018, 2021, 2024. ಈ ವರ್ಷಗಳನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಮನೆ ಕಟ್ಟಿದ್ದು ಯಾವ ವರ್ಷ ಎಂಬುದಕ್ಕಿಂತ ಯಾವ ಆವೃತ್ತಿಯ ಪ್ರಕಾರ ಕಟ್ಟಿದರು ಎಂಬುದು ನಿಮ್ಮ ಕರೆಂಟ್ ಬಿಲ್ಲಿನ ಬಗ್ಗೆ ಹೆಚ್ಚು ಹೇಳುತ್ತದೆ.

ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಏನು ಬದಲಾಗುತ್ತದೆ? ಹೆಚ್ಚಿನವರು ಇನ್ಸುಲೇಶನ್ನಿನ ಆರ್ ಬೆಲೆಯನ್ನು, ಅಂದರೆ ಅದು ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆಯನ್ನು, ಮಾತ್ರ ನೋಡುತ್ತಾರೆ. ಅದು ಮುಖ್ಯ ಹೌದು. 2021ರ ಆವೃತ್ತಿ ತಂಪು ವಲಯಗಳಲ್ಲಿ ಅಟ್ಟಕ್ಕೆ ಆರ್-60 ಕೇಳಿತು, 2024ರಲ್ಲಿ ಅದನ್ನು ಆರ್-49ಕ್ಕೆ ಇಳಿಸಿದರು. ಆದರೆ ನನ್ನನ್ನು ಕೇಳಿದರೆ, ಕಳೆದ ಎರಡು ದಶಕಗಳ ಅತಿ ದೊಡ್ಡ ಬದಲಾವಣೆ ಗಾಳಿ ಸೋರಿಕೆಯ ಪರೀಕ್ಷೆ. ಮುಂಬಾಗಿಲಿಗೆ ಒಂದು ಬಟ್ಟೆಯ ಪರದೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತಾರೆ. ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಬರುವವರೆಗೆ ಎಳೆದು, ಆ ಸ್ಥಿತಿಯಲ್ಲಿ ಮನೆಯ ಗಾಳಿ ಗಂಟೆಗೆ ಎಷ್ಟು ಸಲ ಪೂರ್ತಿ ಬದಲಾಗುತ್ತದೆ ಎಂದು ಅಳೆಯುತ್ತಾರೆ. ಇದೇ ಬ್ಲೋವರ್ ಡೋರ್ ಪರೀಕ್ಷೆ. 2009ರ ಆವೃತ್ತಿಯಲ್ಲಿ ಈ ಸಂಖ್ಯೆ 7ರವರೆಗೆ ಇರಬಹುದಿತ್ತು, ಪರೀಕ್ಷೆಯ ಬದಲು ಕಣ್ಣಲ್ಲಿ ನೋಡಿ ಸರಿಯಿದೆ ಎಂದರೂ ನಡೆಯುತ್ತಿತ್ತು. 2012ರಲ್ಲಿ ಪರೀಕ್ಷೆ ಕಡ್ಡಾಯವಾಯಿತು. ದೇಶದ ಬಹುಭಾಗಕ್ಕೆ ಮಿತಿ 3, ದಕ್ಷಿಣದ ಬಿಸಿ ವಲಯಗಳಿಗೆ 5.

ಏಳರಿಂದ ಮೂರು ಅಂದರೆ ಅರ್ಧಕ್ಕಿಂತ ಕಡಿಮೆ ಸೋರಿಕೆ. ಎಷ್ಟೇ ದಪ್ಪದ ಇನ್ಸುಲೇಶನ್ ಹಾಕಿದರೂ ಗಾಳಿ ಸೋರುವ ಮನೆ ಗುಂಡಿ ಹಾಕದ ಸ್ವೆಟರಿನ ಹಾಗೆ. ಜೊತೆಗೆ, ಕಣ್ಣಿನ ಅಂದಾಜು ಹೋಗಿ ಉಪಕರಣದ ಅಳತೆ ಬಂತು. ಅಲ್ಲಿಯವರೆಗೆ ಮನೆ ಚೆನ್ನಾಗಿ ಕಟ್ಟಿದ್ದೇವೆ ಎಂಬುದು ಬಿಲ್ಡರಿನ ಮಾತಾಗಿತ್ತು. ಪರೀಕ್ಷೆ ಬಂದ ಮೇಲೆ ಅದು ಕಾಗದದ ಮೇಲಿನ ಒಂದು ಸಂಖ್ಯೆಯಾಯಿತು.

ಇಷ್ಟು ಬಿಗಿಯಾಗಿ ಕಟ್ಟಿದರೆ ಮನೆ ಉಸಿರಾಡುವುದು ಬೇಡವೇ, ಬೂಷ್ಟು ಹಿಡಿಯುವುದಿಲ್ಲವೇ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ತೈಲ ಬಿಕ್ಕಟ್ಟಿನ ನಂತರದ ವರ್ಷಗಳಲ್ಲಿ ಗಾಳಿಯಾಟದ ಯೋಚನೆಯಿಲ್ಲದೆ ಬಿಗಿ ಮಾಡಿದ ಕಟ್ಟಡಗಳಲ್ಲಿ ತೊಂದರೆ ಆದದ್ದು ನಿಜ. ಅದಕ್ಕೇ ಇವತ್ತಿನ ನಿಯಮ ಎರಡನ್ನೂ ಒಟ್ಟಿಗೆ ಕೇಳುತ್ತದೆ. ಸೋರಿಕೆ ಕಡಿಮೆ ಮಾಡಿ, ಜೊತೆಗೆ ಫ್ಯಾನ್ ಇಟ್ಟು ಹೊರಗಿನ ಗಾಳಿಯನ್ನು ಅಳತೆಗೆ ತಕ್ಕಂತೆ ಒಳಗೆ ತನ್ನಿ. ಬಿರುಕಿನಿಂದ ಬರುವ ಗಾಳಿ ಗ್ಯಾರೇಜಿನ ಹೊಗೆಯನ್ನೂ ಅಟ್ಟದ ಧೂಳನ್ನೂ ಹೊತ್ತು ತರುತ್ತದೆ. ಅದಕ್ಕಿಂತ ಎಲ್ಲಿಂದ ಎಷ್ಟು ಬರುತ್ತಿದೆ ಎಂದು ಗೊತ್ತಿರುವ ಗಾಳಿ ಒಳ್ಳೆಯದು.

ಇನ್ನೊಂದು ವಿಷಯ ಹೇಳಿ ಕಾನೂನಿನ ಕಡೆ ಹೋಗುತ್ತೇನೆ. ಗೋಡೆ, ಕಿಟಕಿ ಅನ್ನುವಿರಿ, ಮನೆ ಬೆಚ್ಚಗಿಡುವ ಫರ್ನೇಸ್ ಇನ್ನೂ ದಕ್ಷವಾಗಿರಲಿ ಎಂದು ರಾಜ್ಯ ಯಾಕೆ ಕೇಳುವುದಿಲ್ಲ? ಕೇಳುವಂತಿಲ್ಲ. 1987ರಿಂದ ಗೃಹೋಪಕರಣಗಳ ದಕ್ಷತೆಯ ಮಾನದಂಡ ಫೆಡರಲ್ ಸರ್ಕಾರದ ಕೈಯಲ್ಲಿದೆ, ರಾಜ್ಯಗಳು ಅದನ್ನು ಮೀರಿ ಹೋಗುವುದಕ್ಕೆ ತಡೆಯಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಕೊಳವೆ ಬೇಡ ಎಂದಾಗ, 2023ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿದ್ದು ಇದೇ ಫೆಡರಲ್ ಕಾಯ್ದೆಯ ಆಧಾರದ ಮೇಲೆ. ಹೀಗಾಗಿ ಯಂತ್ರದ ಕಡೆ ಹೆಚ್ಚು ದೂರ ಹೋಗಲಾಗದ ರಾಜ್ಯಗಳಿಗೆ ಗೋಡೆ, ಅಟ್ಟ, ಕಿಟಕಿ, ಕೋಣೆಗಳಿಗೆ ಬಿಸಿ ಅಥವಾ ತಣ್ಣನೆ ಗಾಳಿ ಸಾಗಿಸುವ ಡಕ್ಟ್ ಇವೇ ಸ್ವಂತ ಅಂಗಳ. ಯಂತ್ರ ಹದಿನೈದು ಇಪ್ಪತ್ತು ವರ್ಷಕ್ಕೆ ಹಳತಾಗುತ್ತದೆ, ಬದಲಿಸುತ್ತೀರಿ. ಗೋಡೆ ಒಡೆದು ಇನ್ಸುಲೇಶನ್ ಬದಲಿಸುವವರು ಎಷ್ಟು ಜನ? ಕಟ್ಟುವಾಗ ತಪ್ಪಿದ ಗೋಡೆ ಮನೆಯ ಆಯಸ್ಸು ಇರುವಷ್ಟು ಕಾಲ ತಪ್ಪಿದಂತೆಯೇ.

ಈಗ ರಾಜ್ಯಗಳ ಕಾನೂನಿಗೆ ಬರೋಣ.

ಮ್ಯಾಸಚೂಸೆಟ್ಸ್ 2008ರಲ್ಲಿ ಗ್ರೀನ್ ಕಮ್ಯುನಿಟೀಸ್ ಕಾಯ್ದೆ ಮಾಡಿತು. ಐಇಸಿಸಿಯ ಹೊಸ ಆವೃತ್ತಿ ಬಂದ ಒಂದು ವರ್ಷದೊಳಗೆ ರಾಜ್ಯ ಅದನ್ನು ಅಳವಡಿಸಿಕೊಳ್ಳಬೇಕು ಎಂದು ಅದರಲ್ಲಿ ಬರೆದರು. ಇಷ್ಟೇ. ಆದರೆ ಈ ಒಂದು ಸಾಲಿನಿಂದ ವಾದ ಮಾಡಬೇಕಾದ ಹೊಣೆ ಯಾರ ಮೇಲಿದೆ ಎಂಬುದು ತಿರುಗಿಹೋಗುತ್ತದೆ. ಹೊಸದು ಬೇಡ ಎನ್ನುವವರು ಬಂದು ಕಾರಣ ಕೊಡಬೇಕು, ಬೇಕು ಎನ್ನುವವರು ಪ್ರತಿ ಸಲವೂ ಹೊಸದಾಗಿ ಹೋರಾಡಬೇಕಾಗಿಲ್ಲ. ಮರುವರ್ಷವೇ ಅಲ್ಲಿ ಸ್ಟ್ರೆಚ್ ಕೋಡ್ ಎಂಬುದನ್ನೂ ತಂದರು. ಮೂಲ ನಿಯಮಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಊರು ಬಯಸಿದರೆ ಒಪ್ಪಬಹುದು. ಒಪ್ಪುವುದು ರಾಜ್ಯದ ಅನುದಾನಕ್ಕೆ ಇರುವ ಷರತ್ತುಗಳಲ್ಲಿ ಒಂದು. ಇವತ್ತು ಅಲ್ಲಿನ ಬಹುಪಾಲು ಊರುಗಳು ಅದನ್ನು ಒಪ್ಪಿವೆ.

ಇದಕ್ಕೆ ತದ್ವಿರುದ್ಧವಾದ ಕಥೆ ಪೆನ್ಸಿಲ್ವೇನಿಯಾದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇನ್ಸುಲೇಶನ್ ಬಗ್ಗೆ ಒಂದಕ್ಷರವೂ ಇಲ್ಲದ ಕಾನೂನು ಲಕ್ಷಾಂತರ ಗೋಡೆಗಳನ್ನು ಹೇಗೆ ನಿರ್ಧರಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 1999ರಲ್ಲಿ ಆ ರಾಜ್ಯ ಏಕರೂಪದ ಕಟ್ಟಡ ಕಾಯ್ದೆ ಮಾಡಿತು. ಮುಂದೆ ಹೊಸ ಆವೃತ್ತಿಗಳನ್ನು ಪರಿಶೀಲಿಸಲು ಒಂದು ಸಲಹಾ ಮಂಡಳಿಯನ್ನೂ ನೇಮಿಸಿತು. ಮೊದಲಿದ್ದ ಪದ್ಧತಿಯಲ್ಲಿ ಮಂಡಳಿ ಬೇಡವೆಂದು ತೆಗೆದುಹಾಕಿದ್ದನ್ನು ಬಿಟ್ಟು ಉಳಿದದ್ದೆಲ್ಲ ಜಾರಿಗೆ ಬರುತ್ತಿತ್ತು. 2011ರಲ್ಲಿ ಶಾಸನಸಭೆ ಇದನ್ನು ತಿರುವುಮುರುವು ಮಾಡಿತು. ಇನ್ನು ಮೇಲೆ ಮಂಡಳಿ ಒಂದೊಂದು ಬದಲಾವಣೆಯನ್ನೂ ಮೂರನೇ ಎರಡರಷ್ಟು ಬಹುಮತದಿಂದ ಒಪ್ಪಬೇಕು, ಒಪ್ಪದ್ದು ಬಿದ್ದುಹೋಗುತ್ತದೆ ಎಂದಿತು. ಹೊಸ ಆವೃತ್ತಿಯೊಂದರಲ್ಲಿ ಬದಲಾವಣೆಗಳು ನೂರಾರು ಇರುತ್ತವೆ. ಬಿಡುವಿನ ವೇಳೆಯಲ್ಲಿ ಸೇರುವ ಮಂಡಳಿ ಅಷ್ಟನ್ನೂ ಒಂದೊಂದಾಗಿ ಅಷ್ಟು ದೊಡ್ಡ ಬಹುಮತದಿಂದ ಒಪ್ಪುವುದು ಆಗುವ ಮಾತೇ? 2012ರ ಆವೃತ್ತಿ ಇಡಿಯಾಗಿ ಬಿತ್ತು. 2009ರ ನಿಯಮಗಳೇ 2018ರ ಅಕ್ಟೋಬರ್‌ವರೆಗೆ ನಡೆದವು. 2017ರಲ್ಲಿ ಮತ್ತೊಂದು ಕಾಯ್ದೆ ಬಂದು ಪದ್ಧತಿಯನ್ನು ಸಡಿಲಿಸಿದ ಮೇಲೆಯೇ ಗಂಟು ಬಿಚ್ಚಿದ್ದು.

ಆ ನಡುವಿನ ವರ್ಷಗಳಲ್ಲಿ ಅಲ್ಲಿ ಹೊಸ ಮನೆಗಳು ಏಳುತ್ತಲೇ ಇದ್ದವು. ಫಿಲಡೆಲ್ಫಿಯಾದ ಹೊರವಲಯದಲ್ಲಿ ಆಗ ಮನೆ ಕೊಂಡವರು ನಿಮ್ಮಲ್ಲೂ ಇರಬಹುದು. ಗಾಳಿ ಸೋರಿಕೆಯ ಕಡ್ಡಾಯ ಪರೀಕ್ಷೆ ಅದೇ ಹವಾಮಾನದ ಬೇರೆ ರಾಜ್ಯಗಳಿಗೆ ಬಂದಿದ್ದರೂ ಆ ಮನೆಗಳಿಗೆ ಬರಲಿಲ್ಲ. ಅವರಿಗೆ ಯಾರೂ ಇದನ್ನು ಹೇಳಿರಲಾರರು.

ಮಿಶಿಗನ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಕಾನೂನು, ಹೊಸ ಇಂಧನ ನಿಯಮ ತರಬೇಕಾದರೆ ಅದು ವೆಚ್ಚಕ್ಕೆ ತಕ್ಕ ಲಾಭ ಕೊಡಬೇಕು ಎನ್ನುತ್ತದೆ. ಕೇಳಲು ಬಹಳ ಸರಿಯಾಗಿದೆ. ಆದರೆ ಲಾಭವನ್ನು ಅಳೆಯುವುದು ಹೇಗೆ? ಮೊದಲ ಸಲ ಮನೆ ಕೊಳ್ಳುವವರ ಕಣ್ಣಿನಿಂದ ನೋಡಬೇಕು, ಏಳು ವರ್ಷದ ಲಾಭನಷ್ಟ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ಇಂಧನದ ಬೆಲೆ ಸಾಮಾನ್ಯ ಹಣದುಬ್ಬರಕ್ಕಿಂತ ಹೆಚ್ಚು ಏರುತ್ತದೆ ಎಂದು ಭಾವಿಸಬಾರದು. ಮೊದಲ ಮನೆಯಲ್ಲಿ ಜನ ಬಹಳ ವರ್ಷ ಇರುವುದಿಲ್ಲ ಎಂಬುದು ಏಳು ವರ್ಷದ ಹಿಂದಿರುವ ತರ್ಕ. ಆ ಕುಟುಂಬದ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಅವರು ಹೊರಟ ಮೇಲೆ ಗೋಡೆ ಅಲ್ಲೇ ಇರುತ್ತದಲ್ಲ? ಎರಡನೆಯವರು, ಮೂರನೆಯವರು, ನಾಲ್ಕನೆಯವರು ಬಂದು ಅದೇ ಗೋಡೆಯ ಬಿಲ್ಲು ಕಟ್ಟುತ್ತಾರೆ. ಅವರ ಉಳಿತಾಯವನ್ನು ಸೊನ್ನೆ ಎಂದು ಎಣಿಸುವ ಲೆಕ್ಕವನ್ನು ನಾನು ಒಪ್ಪಲಾರೆ.

ಟೆಕ್ಸಸ್ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆ ಇದೆ, ಅಲ್ಲಿ ಯಾವ ನಿಯಮವೂ ಇಲ್ಲ ಎಂದು. ಹಾಗಲ್ಲ. 2001ರಲ್ಲೇ ಇಡೀ ರಾಜ್ಯಕ್ಕೆ ಮನೆಗಳ ಇಂಧನ ನಿಯಮ ತಂದ ರಾಜ್ಯ ಅದು. ಕಾರಣವಾದದ್ದು ಹೂಸ್ಟನ್, ಡಲ್ಲಸ್ ಕಡೆಯ ವಾಯುಮಾಲಿನ್ಯ. ಮನೆಗಳು ಕಡಿಮೆ ವಿದ್ಯುತ್ ಬಳಸಿದರೆ ವಿದ್ಯುತ್ ಸ್ಥಾವರಗಳ ಹೊಗೆ ಕಡಿಮೆಯಾಗುತ್ತದೆ ಎಂಬ ಲೆಕ್ಕದಲ್ಲಿ ವಾಯು ಶುದ್ಧೀಕರಣದ ಮಸೂದೆಯೊಳಗೇ ಕಟ್ಟಡದ ನಿಯಮವನ್ನೂ ಸೇರಿಸಿದರು. 2015ರಲ್ಲಿ ಅದನ್ನು ಆ ವರ್ಷದ ಆವೃತ್ತಿಗೆ ಏರಿಸಿ 2016ರ ಸೆಪ್ಟೆಂಬರಿನಿಂದ ಜಾರಿಗೆ ತಂದರು. ಅದರ ಜೊತೆಗೇ, ಇನ್ನು ಮುಂದೆ ಆರು ವರ್ಷಕ್ಕಿಂತ ಬೇಗ ಬದಲಿಸುವಂತಿಲ್ಲ ಎಂಬ ಸಾಲನ್ನೂ ಸೇರಿಸಿದರು. ಮುಂದಕ್ಕೂ ಒಂದು ಹೆಜ್ಜೆ, ಕಾಲಿಗೂ ಒಂದು ಕಟ್ಟು.

ಟೆಕ್ಸಸ್ ಹೆಸರು ಬಂದಾಗ 2021ರ ಫೆಬ್ರವರಿಯನ್ನು ನೆನೆಯದೆ ಇರಲಾಗುವುದಿಲ್ಲ. ಚಳಿಗಾಳಿಗೆ ವಿದ್ಯುತ್ ಜಾಲ ಕುಸಿದು ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ರಾಜ್ಯದ ಆರೋಗ್ಯ ಇಲಾಖೆ ಲೆಕ್ಕಹಾಕಿದ ಸಾವು 246. ಅದರಲ್ಲಿ ಹೆಚ್ಚಿನವು ಚಳಿಯಿಂದ ದೇಹದ ಶಾಖ ಇಳಿದು ಆದವು. ಜಾಲ ಕುಸಿದದ್ದಕ್ಕೆ ಗೋಡೆಗಳು ಕಾರಣವಲ್ಲ. ಆದರೆ ಕರೆಂಟ್ ಹೋದ ಮೇಲೆ ಮನೆ ಎಷ್ಟು ಗಂಟೆ ಬೆಚ್ಚಗೆ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಗೋಡೆ, ಅಟ್ಟ, ಬಿರುಕುಗಳೇ. ಈ ನಿಯಮಗಳನ್ನು ಬಿಲ್ಲಿನ ಉಳಿತಾಯವೆಂದು ಮಾತ್ರ ನೋಡುವವರು ಆ ವಾರವನ್ನು ನೆನಪಿಡಬೇಕು.

ನಾರ್ತ್ ಕ್ಯಾರೊಲಿನಾ ಎಲ್ಲಕ್ಕಿಂತ ಮುಂದೆ ಹೋಗಿ ಬಾಗಿಲನ್ನೇ ಹಾಕಿತು. 2023ರಲ್ಲಿ ಅಲ್ಲಿನ ಶಾಸನಸಭೆ ಮನೆಗಳ ನಿಯಮಾವಳಿಯನ್ನು 2031ರವರೆಗೆ ಬದಲಿಸುವುದನ್ನು ತಡೆಯುವ ಮಸೂದೆ ಅಂಗೀಕರಿಸಿತು. ಗವರ್ನರ್ ರಾಯ್ ಕೂಪರ್ ವೀಟೊ ಮಾಡಿದರು. ವಿಪತ್ತು ತಡೆಗೆ ಬರುವ ಫೆಡರಲ್ ಹಣಕ್ಕೂ ಇದರಿಂದ ಪೆಟ್ಟು ಬೀಳುತ್ತದೆ ಎಂಬುದು ಅವರ ಆಕ್ಷೇಪಗಳಲ್ಲಿ ಒಂದಾಗಿತ್ತು. ಆಗಸ್ಟಿನಲ್ಲಿ ಶಾಸನಸಭೆ ಆ ವೀಟೊವನ್ನು ಮೀರಿ ಕಾನೂನು ಮಾಡಿತು. ರಾಲಿ, ಷಾರ್ಲಟ್ ಸುತ್ತ ನಮ್ಮವರು ಎಷ್ಟು ಜನ ಹೊಸ ಮನೆ ಕೊಳ್ಳುತ್ತಿದ್ದಾರೆ ಎಂಬುದು ನಿಮಗೇ ಗೊತ್ತು. ಅಲ್ಲಿ ಇವತ್ತು ಏಳುತ್ತಿರುವ ಮನೆಗಳ ಇಂಧನ ನಿಯಮದ ಬುಡ 2015ರ ಮಾದರಿ, ಅದೂ ಸಡಿಲಗೊಳಿಸಿದ ರೂಪದಲ್ಲಿ.

ಇದು ಒಂದೇ ಪಕ್ಷದ ಕೆಲಸ ಎಂದುಕೊಳ್ಳಬೇಡಿ. ಈ ವಿಷಯದಲ್ಲಿ ಎಲ್ಲರಿಗೂ ಗುರುವಾಗಿದ್ದ ಕ್ಯಾಲಿಫೋರ್ನಿಯಾವನ್ನೇ ನೋಡಿ. 1974ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ ವಾರೆನ್-ಆಲ್ಕ್ವಿಸ್ಟ್ ಕಾಯ್ದೆಯಿಂದ ಅಲ್ಲಿನ ಇಂಧನ ಆಯೋಗ ಹುಟ್ಟಿತು. 1978ರಲ್ಲಿ ಮೊದಲ ಕಟ್ಟಡ ಮಾನದಂಡ ಬಂತು. 2020ರ ಜನವರಿಯಿಂದ ಹೊಸ ಮನೆಗಳಿಗೆ ಸೌರ ಫಲಕ ಕಡ್ಡಾಯ ಮಾಡಿದ ಮೊದಲ ರಾಜ್ಯ ಅದು. ಅಂಥ ರಾಜ್ಯ 2025ರ ಜೂನ್ ಕೊನೆಯಲ್ಲಿ, ಮನೆಗಳ ಬೆಲೆ ಕೈಮೀರಿದೆ ಎಂಬ ಕಾರಣ ಕೊಟ್ಟು, ಕೆಲವು ವಿನಾಯಿತಿ ಬಿಟ್ಟರೆ ವಸತಿ ಕಟ್ಟಡಗಳ ಹೊಸ ಮಾನದಂಡಗಳನ್ನು 2031ರ ಜೂನ್‌ವರೆಗೆ ನಿಲ್ಲಿಸುವ ಕಾನೂನು ಮಾಡಿತು. ಅಲ್ಲಿ ನಿಂತದ್ದು ಎತ್ತರದ ಮೆಟ್ಟಿಲ ಮೇಲೆ ಎಂಬುದು ನಿಜ, ನಾರ್ತ್ ಕ್ಯಾರೊಲಿನಾಕ್ಕೆ ಹೋಲಿಸುವಂತಿಲ್ಲ. ಹಾಗಿದ್ದರೂ ಆ ನಿರ್ಧಾರ ನನಗೆ ಸರಿಯೆನಿಸುವುದಿಲ್ಲ. ಮನೆ ದುಬಾರಿಯಾಗಲು ನಿವೇಶನದ ಬೆಲೆ, ಬಡ್ಡಿ, ಪರವಾನಗಿಯ ವಿಳಂಬ ಎಲ್ಲವೂ ಕಾರಣ. ಅವನ್ನು ಮುಟ್ಟುವುದು ಕಷ್ಟ, ನಿಯಮಾವಳಿಯನ್ನು ನಿಲ್ಲಿಸುವುದು ಸುಲಭ.

ಬೆಲೆಯ ಮಾತು ಬಂತಲ್ಲ, ಅದನ್ನು ನೇರವಾಗಿ ನೋಡೋಣ. ಬಿಲ್ಡರುಗಳ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೊಸ ನಿಯಮ ಬಂದರೆ ಮನೆಯ ಬೆಲೆ ಏರುತ್ತದೆ, ಬೆಲೆ ಏರಿದರೆ ಅಂಚಿನಲ್ಲಿರುವ ಕೆಲವು ಕುಟುಂಬಗಳಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ. ಇದು ಸುಳ್ಳಲ್ಲ. 2024ರಲ್ಲಿ ಫೆಡರಲ್ ವಸತಿ ಇಲಾಖೆ 2009ರ ನಿಯಮದಿಂದ 2021ರ ನಿಯಮಕ್ಕೆ ಏರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿತು. ಒಂಟಿ ಮನೆಗೆ ಹೆಚ್ಚುವರಿ ವೆಚ್ಚ ಸರಾಸರಿ ಸುಮಾರು 7,200 ಡಾಲರ್, ವರ್ಷದ ಉಳಿತಾಯ ಸುಮಾರು 950 ಡಾಲರ್. ಬಿಲ್ಡರುಗಳ ಸಂಘಗಳು ವೆಚ್ಚ ಇದಕ್ಕಿಂತ ಹೆಚ್ಚು, ಉಳಿತಾಯ ಇದಕ್ಕಿಂತ ಕಡಿಮೆ ಎನ್ನುತ್ತವೆ.

ಇಲಾಖೆಯ ಅಂಕಿಯನ್ನೇ ಹಿಡಿದು ನಿಮ್ಮ ತಿಂಗಳ ಕಂತಿಗೆ ಇಳಿಸಿ ನೋಡಿ. 7,200 ಡಾಲರನ್ನು ಶೇಕಡ 7ರ ಬಡ್ಡಿಗೆ ಮೂವತ್ತು ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು 48 ಡಾಲರ್ ಕಂತು ಹೆಚ್ಚುತ್ತದೆ. ಉಳಿತಾಯ ತಿಂಗಳಿಗೆ ಸುಮಾರು 79 ಡಾಲರ್. ಮೊದಲ ವರ್ಷದಿಂದಲೇ ತಿಂಗಳಿಗೆ ಮೂವತ್ತು ಡಾಲರಿನಷ್ಟು ಕೈಯಲ್ಲಿ ಉಳಿಯುತ್ತದೆ. ವೆಚ್ಚ ಒಂದೂವರೆ ಪಟ್ಟಾದರೂ ಕಂತು 72 ಡಾಲರ್, ಆಗಲೂ ನಷ್ಟವಿಲ್ಲ. ಹಾಗಿದ್ದರೆ ಜಗಳ ಏಕೆ? ಹೆಚ್ಚಿನ ಹಣವನ್ನು ಮೊದಲು ಹಾಕಬೇಕಾದವನು ಬಿಲ್ಡರ್, ಬಿಲ್ಲು ಉಳಿಯುವುದು ನಿಮಗೆ. ಅಡುಗೆಮನೆಯ ಗ್ರಾನೈಟ್ ಕಲ್ಲನ್ನು ತೋರಿಸಿ ಹೆಚ್ಚು ಬೆಲೆ ಕೇಳಬಹುದು, ಡ್ರೈವಾಲಿನ (ಒಳಗೋಡೆಗೆ ಹೊದಿಸುವ ಜಿಪ್ಸಂ ಹಲಗೆಯ) ಹಿಂದೆ ಮುಚ್ಚಿಹೋದ ಇನ್ಸುಲೇಶನ್ ತೋರಿಸಿ ಕೇಳಲಾಗುವುದಿಲ್ಲ. ಕೊಳ್ಳುವವರಿಗೆ ಕಾಣದ ವಸ್ತುವಿನಲ್ಲಿ ಮಾರುಕಟ್ಟೆ ತಾನಾಗಿ ಗುಣಮಟ್ಟ ತರುವುದಿಲ್ಲ. ಕಾನೂನು ಬೇಕಾಗುವುದು ಅಲ್ಲಿ. ಸಾಲ ಕೊಡುವ ಬ್ಯಾಂಕುಗಳೂ ಇದರಲ್ಲಿ ಪಾಲುದಾರರು: ಕಂತು, ತೆರಿಗೆ, ವಿಮೆ ಎಲ್ಲವನ್ನೂ ಲೆಕ್ಕ ಹಾಕುವ ಅವರು ಸಾಮಾನ್ಯವಾಗಿ ಇಂಧನದ ಬಿಲ್ಲನ್ನು ಕೇಳುವುದೇ ಇಲ್ಲ.

ಇಡೀ ರಾಜ್ಯಕ್ಕೆ ಒಂದು ನಿಯಮವೇ ಇಲ್ಲದ ಕಡೆಗಳೂ ಇವೆ. ಅರಿಜೋನಾ, ಕಾನ್ಸಾಸ್, ಮಿಸ್ಸೂರಿ, ವಯೋಮಿಂಗ್‌ನಂಥ ರಾಜ್ಯಗಳಲ್ಲಿ ಅಧಿಕಾರ ಊರು, ಕೌಂಟಿಗಳದ್ದು. ಕೊಲರಾಡೊ ಕೂಡ ಹಾಗೆಯೇ. ಆದರೆ 2022ರಲ್ಲಿ ಅದು ಒಂದು ಜಾಣ ಕಾನೂನು ಮಾಡಿತು. ಊರುಗಳ ಅಧಿಕಾರವನ್ನು ಕಿತ್ತುಕೊಳ್ಳಲಿಲ್ಲ. 2023ರ ಜುಲೈ ನಂತರ ನೀವು ಯಾವುದೇ ಕಟ್ಟಡ ನಿಯಮವನ್ನು ಹೊಸದು ಮಾಡಿಕೊಂಡರೆ, ಜೊತೆಗೆ ಕನಿಷ್ಠ 2021ರ ಇಂಧನ ನಿಯಮವನ್ನೂ ತರಬೇಕು ಎಂದಿತು. ಬೆಂಕಿ, ಕೊಳಾಯಿ, ವಿದ್ಯುತ್ತಿನ ನಿಯಮಗಳನ್ನು ಊರುಗಳು ಹೇಗೂ ಆಗಾಗ ಬದಲಿಸುತ್ತವೆ. ಆ ಬಂಡಿಗೆ ಇಂಧನವನ್ನೂ ಹತ್ತಿಸಿದರು. ಸ್ಥಳೀಯ ಸ್ವಾತಂತ್ರ್ಯಕ್ಕೆ ಹೆಸರಾದ ರಾಜ್ಯದಲ್ಲಿ ಇದು ಸಾಧ್ಯವಾಯಿತು ಎಂಬುದು ನನಗೆ ನಿಜವಾಗಿಯೂ ಭರವಸೆ ಕೊಡುತ್ತದೆ.

ಫೆಡರಲ್ ಹಣ ತೋರಿಸಿ ರಾಜ್ಯಗಳನ್ನು ಒಲಿಸುವ ದಾರಿಯೂ ಇದೆ. 2009ರ ಆರ್ಥಿಕ ಚೇತರಿಕೆ ಕಾಯ್ದೆಯ ಇಂಧನ ಅನುದಾನ ಬೇಕಾದರೆ, ಆ ವರ್ಷದ ನಿಯಮಾವಳಿ ತರುತ್ತೇವೆ, ಎಂಟು ವರ್ಷದಲ್ಲಿ ಶೇಕಡ 90 ಪಾಲನೆ ಸಾಧಿಸುತ್ತೇವೆ ಎಂದು ಗವರ್ನರುಗಳು ಭರವಸೆ ಕೊಡಬೇಕಿತ್ತು. ಅಲಾಸ್ಕದ ಗವರ್ನರ್ ಸಾರಾ ಪೇಲಿನ್ ಈ ಷರತ್ತಿಗೆ ಒಪ್ಪದೆ ಸುಮಾರು 2.8 ಕೋಟಿ ಡಾಲರನ್ನು ಬೇಡವೆಂದರು. ಅಲ್ಲಿನ ಶಾಸನಸಭೆ ಅವರ ವೀಟೊವನ್ನು ಮೀರಿ ಹಣ ತೆಗೆದುಕೊಂಡಿತು. ಅಷ್ಟು ಚಳಿಯ ನಾಡಿನ ಶಾಸಕರಿಗೆ ಬೆಚ್ಚನೆಯ ಮನೆಯ ಬೆಲೆ ಗೊತ್ತಿರದೆ ಇರುತ್ತದೆಯೇ?

ಕಾನೂನು ಪುಸ್ತಕದಲ್ಲಿ ಬಂದರೆ ಗೋಡೆಯಲ್ಲಿ ಬಂತು ಎಂದಲ್ಲ. ಇಂಧನ ಇಲಾಖೆ ಕೆಲವು ವರ್ಷಗಳ ಹಿಂದೆ ಅಲಬಾಮಾ, ಜಾರ್ಜಿಯಾ, ಕೆಂಟಕಿ, ಮೇರಿಲ್ಯಾಂಡ್, ಟೆಕ್ಸಸ್ ಸೇರಿ ಎಂಟು ರಾಜ್ಯಗಳಲ್ಲಿ ಕಟ್ಟುತ್ತಿರುವ ಮನೆಗಳಿಗೇ ಹೋಗಿ ಅಳತೆ ಮಾಡಿಸಿತು. ಇಂಥ ತಪಾಸಣೆಗಳಲ್ಲಿ ಸಿಗುವ ದೋಷಗಳು ಎಲ್ಲ ಕಡೆ ಒಂದೇ ಬಗೆಯವು. ಇನ್ಸುಲೇಶನ್ ಸರಿಯಾದ ದಪ್ಪದ್ದೇ ಇರುತ್ತದೆ, ಆದರೆ ವೈರ್ ಹಾದುಹೋದಲ್ಲಿ ಅದನ್ನು ಸೀಳದೆ ಒತ್ತಿ ತುರುಕಿರುತ್ತಾರೆ. ಒತ್ತಿದರೆ ಅದರ ಶಕ್ತಿ ಹೋಯಿತು. ಸ್ವಿಚ್ ಪೆಟ್ಟಿಗೆಯ ಹಿಂದೆ ಖಾಲಿ. ಅಟ್ಟಕ್ಕೆ ಹತ್ತುವ ಬಾಗಿಲಿಗೆ ಏನೂ ಇಲ್ಲ, ಸುತ್ತಲೂ ಅಡಿ ದಪ್ಪದ ಹೊದಿಕೆ ಇದ್ದರೂ. ಡ್ರೈವಾಲ್ ಮುಚ್ಚುವ ಮುಂಚಿನ ಒಂದೆರಡು ದಿನದಲ್ಲಿ ಇನ್‌ಸ್ಪೆಕ್ಟರ್ ಬಂದು ಇದನ್ನೆಲ್ಲ ಹಿಡಿಯಬೇಕು. ಆ ಇನ್‌ಸ್ಪೆಕ್ಟರಿಗೆ ಅದೇ ದಿನ ಅಡಿಪಾಯ, ವಿದ್ಯುತ್, ಕೊಳಾಯಿ ನೋಡಲು ಬೇರೆ ಮನೆಗಳೂ ಕಾಯುತ್ತಿರುತ್ತವೆ. 2021ರ ಮೂಲಸೌಕರ್ಯ ಕಾಯ್ದೆ ನಿಯಮಗಳ ಅನುಷ್ಠಾನಕ್ಕೆಂದೇ 22.5 ಕೋಟಿ ಡಾಲರ್ ಇಟ್ಟಿತು. ಕೆಲಸಗಾರರಿಗೆ, ಇನ್‌ಸ್ಪೆಕ್ಟರುಗಳಿಗೆ ತರಬೇತಿ ಕೊಡುವುದು ನನ್ನ ಮಟ್ಟಿಗೆ ಅತ್ಯಂತ ಅಗ್ಗದ ಇಂಧನ ಉಳಿತಾಯ. ಒಪ್ಪದ ಬಿಲ್ಡರನ್ನು ನಾನು ಕಂಡಿಲ್ಲ.

ಇದರಲ್ಲಿ ನಿಮ್ಮಿಂದ ಏನಾಗಬೇಕು ಎಂದು ನೀವು ಕೇಳಬಹುದು. ಮಾದರಿ ನಿಯಮಾವಳಿ ಬರೆಯುವ ಮೇಜಿನ ಬಳಿ ಜಾಗ ಸಿಗುವುದು ಕಷ್ಟ. 2021ರ ಆವೃತ್ತಿಗಾಗಿ 2019ರಲ್ಲಿ ನಡೆದ ಮತದಾನದಲ್ಲಿ ಊರುಗಳ ಅಧಿಕಾರಿಗಳು ದೊಡ್ಡ ಸಂಖ್ಯೆಯಲ್ಲಿ ಪಾಲ್ಗೊಂಡು ದಕ್ಷತೆಯನ್ನು ಏರಿಸಿದರು. ಆ ಬಳಿಕ 2021ರಲ್ಲಿ ಸಂಸ್ಥೆ ಆ ಅಂತಿಮ ಮತದಾನದ ಪದ್ಧತಿಯನ್ನೇ ಬಿಟ್ಟು ಸಮಿತಿಗಳಿಗೆ ಕೆಲಸ ಒಪ್ಪಿಸಿತು. ಆದರೆ ನಿಮ್ಮ ರಾಜ್ಯದ ಬಾಗಿಲು ತೆರೆದೇ ಇದೆ. ನಿಯಮ ಬದಲಿಸುವ ಮುನ್ನ ರಾಜ್ಯದ ಕಟ್ಟಡ ಮಂಡಳಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಶಾಸನಸಭೆಯ ಸಮಿತಿ ವಿಚಾರಣೆ ಇಡುತ್ತದೆ. ಅಲ್ಲಿಗೆ ಬಿಲ್ಡರುಗಳು, ಗ್ಯಾಸ್ ಕಂಪನಿಗಳು, ಇನ್ಸುಲೇಶನ್ ತಯಾರಕರು ಬರುತ್ತಾರೆ, ಅದು ಅವರ ವೃತ್ತಿ. ಮನೆಯಲ್ಲಿ ವಾಸಿಸುವವರು ಬರುವುದು ಅಪರೂಪ. ಹೋಗಿ. ತಾಂತ್ರಿಕ ಭಾಷೆ ಬೇಡ, ನಿಮ್ಮ ಜನವರಿಯ ಬಿಲ್ಲನ್ನೂ ಯಾವ ಕೋಣೆ ಎಷ್ಟು ತಣ್ಣಗಿರುತ್ತದೆ ಎಂಬುದನ್ನೂ ಹೇಳಿದರೆ ಸಾಕು. ಮಸೂದೆ ಕೈಗೆ ಸಿಕ್ಕಾಗ ಆರ್ ಬೆಲೆಗಳ ಪಟ್ಟಿಗಿಂತ ಮೊದಲು, ಎಷ್ಟು ವರ್ಷಕ್ಕೊಮ್ಮೆ ಪರಿಶೀಲನೆ, ಮಂಡಳಿಯಲ್ಲಿ ಎಷ್ಟು ಬಹುಮತ, ಲಾಭ ಎಣಿಸುವುದು ಎಷ್ಟು ವರ್ಷಕ್ಕೆ ಎಂಬ ಮೂರು ಕಡೆ ಕಣ್ಣು ಹಾಯಿಸಿ.

ಹೊಸ ಮನೆ ನೋಡಲು ಹೋಗುವವರಿಗೆ ಇನ್ನೊಂದು ಮಾತು. ಐಇಸಿಸಿ ಅಳವಡಿಸಿಕೊಂಡ ಕಡೆ ಬಿಲ್ಡರ್ ಮನೆಯೊಳಗೆ ಒಂದು ಶಾಶ್ವತ ಪ್ರಮಾಣಪತ್ರ ಅಂಟಿಸಬೇಕು. ಸಾಮಾನ್ಯವಾಗಿ ಫರ್ನೇಸ್ ಇರುವ ಕೋಣೆಯಲ್ಲೋ ವಿದ್ಯುತ್ ಪ್ಯಾನೆಲ್ ಹತ್ತಿರವೋ ಇರುತ್ತದೆ. ಅಟ್ಟ, ಗೋಡೆ, ನೆಲದ ಇನ್ಸುಲೇಶನ್, ಕಿಟಕಿ ಎಷ್ಟು ಶಾಖ ಬಿಡುತ್ತದೆ ಎಂಬ ಗುಣಾಂಕ, ಡಕ್ಟ್ ಮತ್ತು ಗಾಳಿ ಸೋರಿಕೆಯ ಪರೀಕ್ಷಾ ಫಲಿತಾಂಶ ಎಲ್ಲ ಅದರಲ್ಲಿರಬೇಕು. 2021ರ ನಂತರದ ನಿಯಮವಿದ್ದರೆ ಯಾವ ಆವೃತ್ತಿಯಡಿ ಪರವಾನಗಿ ಸಿಕ್ಕಿತು ಎಂಬುದೂ ಇರಬೇಕು. ಗಾಳಿ ಪರೀಕ್ಷೆಯ ಜಾಗ ಖಾಲಿ ಇದ್ದರೆ ಕಾಗದಕ್ಕೆ ಸಹಿ ಹಾಕುವ ಮುಂಚೆಯೇ ಕೇಳಿ. ನಿಮ್ಮ ರಾಜ್ಯ ಪರೀಕ್ಷೆಯನ್ನು ಕಡ್ಡಾಯ ಮಾಡಿರದಿದ್ದರೂ ಸ್ವಂತ ಖರ್ಚಿನಲ್ಲಿ ಮಾಡಿಸಬಹುದು, ಕೆಲವೇ ಗಂಟೆಗಳ ಕೆಲಸ. ಡ್ರೈವಾಲ್ ಮುಚ್ಚಿದ ಮೇಲೂ ಅಟ್ಟದ ಬಾಗಿಲು, ಡಕ್ಟ್ ಸಂದು, ಅಡಿಪಾಯ ಮತ್ತು ಗೋಡೆ ಕೂಡುವ ಜಾಗಗಳಲ್ಲಿ ಸಿಕ್ಕ ಸೋರಿಕೆಯನ್ನು ಬಿಲ್ಡರಿನ ಕೈಯಲ್ಲೇ ಮುಚ್ಚಿಸಿಕೊಳ್ಳಲು ಆಗ ಇನ್ನೂ ಅವಕಾಶ ಇರುತ್ತದೆ.